ಬದುವಿನ ಕಂಟಿಯೇ ಗೌಜಲಕ್ಕಿಯ ಮನೆ



ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ, ಮೂಡಲಗಿ ತಾಲ್ಲೂಕಿನ ಕಲ್ಲೋಳಿ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಪಕ್ಷಿಗಳ ಪಾಠ ಮುಗಿದ ಮೇಲೆ ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಮೊದಲ ನಮ್ಮ ಹೊಲದಾಗ ದಿನಾ ಮುಂಜಾನೆ ಕೌಜುಗ ಕೂಗತಿದ್ದೂ ಅಂತ ನಮ್ಮಜ್ಜ ಹೇಳ್ತಾರ್ರೀ. ಈಗ ಒಂದೂ ಕೂಗೂದಿಲ್ರೀ. ಅವು ಎಲ್ಲಿ ಹೋದೂ?"

ಒಳ್ಳೆಯ ಪ್ರಶ್ನೆ. ಉತ್ತರ ಹುಡುಕಲು ಎಲ್ಲರೂ ಕೂಡಿ ಅವಳ ಹೊಲಕ್ಕೇ ಹೋದೆವು. ಅಲ್ಲಿ ಕಬ್ಬು ಆಳೆತ್ತರ ಬೆಳೆದಿತ್ತು. ಆದರೆ ಹೊಲದ ಬದು ಒಂದು ಮೊಳದಷ್ಟೇ ಉಳಿದಿತ್ತು. ಅದರ ಮೇಲೆ ಒಂದು ಕಂಟಿ ಇಲ್ಲ, ಹುಲ್ಲೂ ಇಲ್ಲ. "ಕಂಟಿ ಕಡದು ಎರಡು ಸಾಲು ಕಬ್ಬು ಹೆಚ್ಚಿಗಿ ಹಚ್ಚೇವ್ರೀ" ಎಂದರು ಅಜ್ಜ. ಹುಡುಗಿಯ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು. ಹೇಗೆ ಎಂದು ನೋಡೋಣ.

ಕೋಳಿಯ ನೆಂಟರು

ಕೌಜುಗಕ್ಕೆ ಗೌಜಲಕ್ಕಿ ಎಂಬ ಹೆಸರೂ ಇದೆ. ಕಂದು ಬೂದು ಮೈ, ಮೈತುಂಬ ಸಣ್ಣ ಗೆರೆಗಳು. ಉದ್ದ ಸುಮಾರು 30 ಸೆಂ.ಮೀ. ನವಿಲು, ಕಾಡುಕೋಳಿ, ಲಾವಕ್ಕಿ, ನಮ್ಮ ಮನೆಯ ಕೋಳಿ, ಹಿಮಾಲಯದ ಬಣ್ಣಬಣ್ಣದ ಫೆಸೆಂಟ್ ಹಕ್ಕಿಗಳು ಎಲ್ಲವೂ ಇದರ ನೆಂಟರೇ. ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿವೆ.

ಈ ನೆಂಟರಿಗೆಲ್ಲ ಒಂದು ಸಮಾನ ಗುಣವಿದೆ. ಇವು ನೆಲದ ಹಕ್ಕಿಗಳು. ಕಾಲಿನಿಂದ ನೆಲ ಕೆದರಿ ಆಹಾರ ಹುಡುಕುತ್ತವೆ. ಹೆದರಿದರೆ ಮೊದಲು ಓಡುತ್ತವೆ. ತೀರಾ ಹತ್ತಿರ ಬಂದರೆ ಮಾತ್ರ ಹಾರುತ್ತವೆ. ಹೆಚ್ಚಿನವು ನೆಲದಲ್ಲೇ ಮೊಟ್ಟೆ ಇಡುತ್ತವೆ. ಆದ್ದರಿಂದ ನೆಲದ ಮೇಲೆ ನಾವು ಮಾಡುವ ಪ್ರತಿಯೊಂದು ಬದಲಾವಣೆಯೂ ಇವುಗಳ ಬದುಕನ್ನು ಮುಟ್ಟುತ್ತದೆ.

ಗೌಜಲಕ್ಕಿಗೆ ಏನೇನು ಬೇಕು?

ನಮಗೆ ಅಡುಗೆಮನೆ, ಮಲಗುವ ಕೋಣೆ, ಬಚ್ಚಲು ಬೇಕಲ್ಲವೇ? ಗೌಜಲಕ್ಕಿಗೂ ಹಾಗೆಯೇ.

ಮೊದಲನೆಯದು, ಗೂಡಿನ ಜಾಗ. ಇದು ಹುಲ್ಲಿನ ಬುಡದಲ್ಲಿ ಇಲ್ಲವೆ ಕಂಟಿಯ ಕೆಳಗೆ ನೆಲವನ್ನು ಸ್ವಲ್ಪ ಕೆದರಿ, ಸಾಮಾನ್ಯವಾಗಿ ಆರರಿಂದ ಎಂಟು ಮೊಟ್ಟೆ ಇಡುತ್ತದೆ. ಮರೆ ಇಲ್ಲದಿದ್ದರೆ ನಾಯಿ, ಮುಂಗುಸಿ, ಕಾಗೆಗಳ ಕಣ್ಣಿಗೆ ಮೊಟ್ಟೆ ಬೀಳುತ್ತದೆ.

ಎರಡನೆಯದು, ಮಲಗುವ ಜಾಗ. ರಾತ್ರಿ ಇದು ಜಾಲಿಯಂಥ ಮುಳ್ಳಿನ ಗಿಡಕಂಟಿಗಳನ್ನು ಏರಿ ಕೂರುತ್ತದೆ. ನವಿಲಿಗಾದರೆ ಎತ್ತರದ ಮರ ಬೇಕು.

ಮೂರನೆಯದು, ಬಯಲು. ಓಡಾಡಲು, ಮೈ ಮೇಲಿನ ಹೇನುಗಳನ್ನು ಕಳೆದುಕೊಳ್ಳಲು ಧೂಳಿನಲ್ಲಿ ಹೊರಳಾಡಲು ಒಣ ನೆಲ ಬೇಕು. ಪೂರ್ತಿ ದಟ್ಟ ಕಾಡೂ ಇದಕ್ಕೆ ಹಿಡಿಸುವುದಿಲ್ಲ.

ನಾಲ್ಕನೆಯದು, ಆಹಾರ. ದೊಡ್ಡ ಹಕ್ಕಿ ಕಾಳು, ಕಳೆಬೀಜ, ಗೆದ್ದಲು, ಜೀರುಂಡೆಗಳನ್ನು ತಿನ್ನುತ್ತದೆ. ಆದರೆ ಮರಿಯ ವಿಷಯ ಬೇರೆ. ಮೊಟ್ಟೆಯೊಡೆದು ಬಂದ ಮರಿ ಬೇಗನೆ ತಾಯಿಯ ಹಿಂದೆ ಓಡತೊಡಗುತ್ತದೆ. ಅದಕ್ಕೆ ಮೈ ಬೆಳೆಯಬೇಕು, ಪುಕ್ಕ ಮೂಡಬೇಕು. ಇದಕ್ಕೆ ಪ್ರೋಟೀನ್ ಬೇಕು. ಅದು ಹುಳುಹುಪ್ಪಡಿಗಳಿಂದ ಸಿಗುತ್ತದೆ.

ಇಂಗ್ಲೆಂಡಿನ ಹೊಲಗಳ ಪಾಠ

ಮರಿಗೆ ಹುಳು ಎಷ್ಟು ಮುಖ್ಯ ಎಂಬುದನ್ನು ಇಂಗ್ಲೆಂಡಿನ ಸಸೆಕ್ಸ್ ಎಂಬಲ್ಲಿನ ಅಧ್ಯಯನ ತೋರಿಸಿಕೊಟ್ಟಿತು. ಅಲ್ಲಿ ಗೌಜಲಕ್ಕಿಯ ನೆಂಟನಾದ ಬೂದು ಪಾರ್ಟ್ರಿಜ್ ಎಂಬ ಹಕ್ಕಿ ವೇಗವಾಗಿ ಕಡಿಮೆಯಾಗುತ್ತಿತ್ತು. ಡಿಕ್ ಪಾಟ್ಸ್ ಎಂಬ ವಿಜ್ಞಾನಿ 1968ರಿಂದ ಅಲ್ಲಿಯ ಗೋಧಿ, ಬಾರ್ಲಿ ಹೊಲಗಳಲ್ಲಿ ಇದರ ಕಾರಣ ಹುಡುಕಿದರು.

ಅಲ್ಲಿ ಕಂಡ ಸರಪಳಿ ಇದು: ರೈತರು ಕಳೆನಾಶಕ ಸಿಂಪಡಿಸಿದರು, ಕಳೆ ಸತ್ತಿತು, ಕಳೆಯ ಮೇಲೆ ಬದುಕುವ ಹುಳುಗಳು ಇಲ್ಲವಾದವು, ಹುಳು ಸಿಗದೆ ಮರಿಗಳು ಸತ್ತವು. ಮರಿಗಳಿಗೆ ಯಾರೂ ನೇರವಾಗಿ ವಿಷ ಹಾಕಿರಲಿಲ್ಲ. ಆದರೂ ಹಕ್ಕಿ ಕಡಿಮೆಯಾಯಿತು! ಮುಂದೆ ಹೊಲದ ಅಂಚಿನ ಕೆಲವು ಮೀಟರ್ ಪಟ್ಟಿಗೆ ಔಷಧ ಹೊಡೆಯದೆ ಬಿಟ್ಟು ನೋಡಿದರು. ಅಲ್ಲಿ ಹೆಚ್ಚು ಮರಿಗಳು ಬದುಕಿ ಉಳಿದವು.

ನಮ್ಮ ನಾಡಿನ ಒಂದು ಕೋಟೆ

ದೂರದ ದೇಶದ ಮಾತು ಸಾಕು ಎನ್ನುವಿರಾ? ಹಾವೇರಿ ಜಿಲ್ಲೆಯ ಬಂಕಾಪುರಕ್ಕೆ ಬನ್ನಿ. ಅಲ್ಲಿ 139 ಎಕರೆಯ ಹಳೆಯ ಕೋಟೆ ಇದೆ. ಅದರೊಳಗೆ ಖಿಲಾರಿ ದನಗಳ ತಳಿ ಕೇಂದ್ರವಿದೆ. ದನಗಳಿಗೆ ಮೇವು ಬೆಳೆಯುತ್ತಾರೆ. ಜೊತೆಗೆ ಕುರುಚಲು ಗಿಡಗಳಿವೆ, ಮರಗಳಿವೆ, ಕಂದಕವಿದೆ. ನವಿಲಿಗೆ ಬೇಕಾದದ್ದೆಲ್ಲ ಒಂದೇ ಕಡೆ ಸಿಕ್ಕಿತು. ಅವು ಅಲ್ಲಿ ಪಂಜರವಿಲ್ಲದೆ ಸ್ವತಂತ್ರವಾಗಿ ಬದುಕುತ್ತವೆ. 2006ರಲ್ಲಿ ಅದನ್ನು ನವಿಲುಧಾಮವೆಂದು ಘೋಷಿಸಲಾಯಿತು.

ನಮ್ಮ ಗೋಕಾಕ, ಹುಕ್ಕೇರಿ ಸೀಮೆಯಲ್ಲೂ ಒಂದು ಪಕ್ಷಿಧಾಮವಿದೆ: 1974ರ ಘಟಪ್ರಭಾ ಪಕ್ಷಿಧಾಮ. ಧೂಪದಾಳದ ಹಿನ್ನೀರಿಗೆ ನೀರಹಕ್ಕಿಗಳು ಬರುತ್ತವೆ. ಆದರೆ ಹೊಲದ ಗೌಜಲಕ್ಕಿಗೆ ನೀರಿನ ಧಾಮದಿಂದ ಏನು ಪ್ರಯೋಜನ? ಅದರ ಧಾಮ ನಮ್ಮ ಹೊಲದ ಬದುವೇ.

ಎರಡು ಸಾಲು ಕಬ್ಬಿನ ಲೆಕ್ಕ

ಅಜ್ಜನ ಮಾತನ್ನು ತಳ್ಳಿಹಾಕುವಂತಿಲ್ಲ. ಕಬ್ಬಿನಿಂದಲೇ ಮನೆ ನಡೆಯಬೇಕು. ಹಾಗಾದರೆ ಹಕ್ಕಿಗೆ ಜಾಗ ಬಿಟ್ಟರೆ ಎಷ್ಟು ಭೂಮಿ ಹೋಗುತ್ತದೆ? ಹುಡುಗರು ಬದುವಿನ ಮೇಲೆ ಕುಳಿತೇ ಲೆಕ್ಕ ಮಾಡಿದರು.

ಚೌಕಾಕಾರದ ಒಂದು ಎಕರೆ ಹೊಲದ ಒಂದು ಬದಿ ಸುಮಾರು 64 ಮೀಟರ್. ಒಂದು ಬದಿಯಲ್ಲಿ 1 ಮೀಟರ್ ಅಗಲ ಬಿಟ್ಟರೆ 64 ಚದರ ಮೀಟರ್. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಅಂದರೆ ಬಿಡಬೇಕಾದದ್ದು ಒಂದು ಗುಂಟೆಗಿಂತ ಕಡಿಮೆ! ಇಂಥ ನೂರು ಎಕರೆಯಲ್ಲಿ ಎಕರೆಗೊಂದು ಬದು ಬಿಟ್ಟರೆ ಕಂಟಿಯ ಸಾಲು ಒಟ್ಟು 6.4 ಕಿಲೋಮೀಟರ್ ಆಗುತ್ತದೆ. ಇದರಿಂದ ರೈತನಿಗೂ ಲಾಭವಿದೆ. ಕಂಟಿಯ ಬೇರು ಮಣ್ಣು ಹಿಡಿಯುತ್ತದೆ, ಹುಲ್ಲು ದನಕ್ಕೆ ಮೇವಾಗುತ್ತದೆ. ಹಕ್ಕಿ ಒಂದಿಷ್ಟು ಕಾಳು, ಮೊಳಕೆ ತಿನ್ನುವುದು ನಿಜ. ಗೆದ್ದಲು, ಹುಳುಗಳನ್ನೂ ತಿನ್ನುತ್ತದೆ.

ನಾವು ಏನು ಮಾಡಬಹುದು?

1. ಮನೆಯ ಹಿರಿಯರನ್ನೂ ಪಕ್ಕದ ಹೊಲದವರನ್ನೂ ಕೇಳಿ, ಒಂದು ಬದುವನ್ನು ಹಕ್ಕಿಗಾಗಿ ಬಿಡಿ. ಬಾರೆ, ಕವಳೆ, ಲಕ್ಕಿಯಂಥ ಗಿಡ್ಡ ಕಂಟಿಗಳನ್ನು ಬೆಳೆಸಿ. ಇವುಗಳ ನೆರಳು ಬೆಳೆಗೆ ಹೆಚ್ಚು ಬೀಳುವುದಿಲ್ಲ.

2. ಹುಲ್ಲು ಕೊಯ್ಯುವಾಗ ಈ ವರ್ಷ ಅರ್ಧ ಬದು, ಮುಂದಿನ ವರ್ಷ ಉಳಿದರ್ಧ ಕೊಯ್ಯಿರಿ. ಆಗ ಯಾವಾಗಲೂ ಮರೆ ಇರುತ್ತದೆ.

3. ಕಬ್ಬಿನ ರವದಿಗೆ ಬೆಂಕಿ ಹಚ್ಚಿದರೆ ಅದು ಬದುವಿಗೂ ಹಬ್ಬಿ ಹುಳು, ಮೊಟ್ಟೆ, ಮರಿಗಳನ್ನು ಸುಡುತ್ತದೆ. ರವದಿಯನ್ನು ಸುಡದೆ ಹೊಲದಲ್ಲೇ ಕೊಳೆಸಿದರೆ ಗೊಬ್ಬರವಾಗುತ್ತದೆ.

4. ಬದುವಿನ ಮೇಲೆ ಔಷಧ ಹೊಡೆಯದಂತೆ ಹೇಳಿ. ಔಷಧ ಹಚ್ಚಿದ ಬಿತ್ತನೆ ಬೀಜ ನೆಲದ ಮೇಲೆ ಚೆಲ್ಲಿದ್ದರೆ ಮಣ್ಣು ಮುಚ್ಚಬೇಕು; ಅದನ್ನು ತಿಂದ ಹಕ್ಕಿ ಸಾಯಬಹುದು. ಈ ಕೆಲಸ ದೊಡ್ಡವರೇ ಮಾಡಲಿ.

5. ಗೂಡು ಕಂಡರೆ ಮುಟ್ಟದೆ ಹಿಂದಕ್ಕೆ ಬನ್ನಿ. ಗೌಜಲಕ್ಕಿ, ನವಿಲುಗಳನ್ನು ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಮಾಡಿ ನೋಡಿ

ಬೇಕಾಗುವ ಸಾಮಾನು: ಒಂದು ಬಿಳಿ ಬಟ್ಟೆ, ಒಂದು ಉದ್ದ ಕೋಲು, ನೋಟ್ ಪುಸ್ತಕ.

ಶಿಕ್ಷಕರ ಜೊತೆ ಕಂಟಿ ಇರುವ ಒಂದು ಬದುವಿಗೆ ಹೋಗಿ. ಕಂಟಿಯ ಕೆಳಗೆ ಬಟ್ಟೆ ಹಾಸಿ, ಕೋಲಿನಿಂದ ಕೊಂಬೆಯನ್ನು ಹತ್ತು ಸಲ ಮೆಲ್ಲಗೆ ತಟ್ಟಿ. ಬಿದ್ದ ಹುಳುಗಳನ್ನು ಎಣಿಸಿ, ಬಿಟ್ಟುಬಿಡಿ. ಅನಂತರ ಹೊಲದ ನಡುವಿನ ಬೆಳೆಯ ಕೆಳಗೂ ಹಾಗೆಯೇ ಮಾಡಿ. ಎಲ್ಲಿ ಹೆಚ್ಚು ಹುಳು ಸಿಕ್ಕವು? ಏಕೆ? ಎಚ್ಚರಿಕೆ: ಔಷಧ ಹೊಡೆದ ಹೊಲಕ್ಕೆ ಹೋಗಬೇಡಿ. ಹಾವು ಇರಬಹುದು, ಕಂಟಿಯೊಳಗೆ ಕೈ ಹಾಕಬೇಡಿ.

ಮತ್ತೆ ಆ ಹೊಲಕ್ಕೆ

ಲೆಕ್ಕ ಕೇಳಿದ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತು, ಹಳ್ಳದ ಕಡಿ ಬದು ಒಂದು ಬಿಟ್ಟು ನೋಡೂಣು" ಎಂದರು. ಈಗ ಅಲ್ಲಿ ಬಾರೆ ಕಂಟಿಗಳು ಮೊಣಕಾಲೆತ್ತರ ಬಂದಿವೆ. ಕಳೆದ ತಿಂಗಳು ಬಟ್ಟೆ ಹಾಸಿ ತಟ್ಟಿದಾಗ ಮಿಡತೆ, ಜೇಡ, ಜೀರುಂಡೆ ಸೇರಿ 23 ಜೀವಿಗಳು ಬಿದ್ದವು. ಗೌಜಲಕ್ಕಿ ಇನ್ನೂ ಬಂದಿಲ್ಲ. ಕಂಟಿ ದಟ್ಟವಾಗಲು ಇನ್ನಷ್ಟು ಮಳೆಗಾಲ ಬೇಕು. ಆದರೆ ಮರಿಗಳಿಗೆ ಊಟ ಸಿದ್ಧವಾಗಿದೆ. ಆ ಹುಡುಗಿ ದಿನಾ ಮುಂಜಾನೆ ಶಾಲೆಗೆ ಬರುವ ಮೊದಲು ಬದುವಿನ ಹತ್ತಿರ ಹತ್ತು ನಿಮಿಷ ನಿಂತು ಕಿವಿಗೊಡುತ್ತಾಳೆ.

ನಿಮ್ಮ ಹೊಲದಲ್ಲಿ ಗೌಜಲಕ್ಕಿ ಕೂಗುತ್ತದೆಯೇ? ನಾಳೆ ಮುಂಜಾನೆ ಕೇಳಿ ನೋಡಿ, ಬರೆದಿಡಿ.