ಕೃಷಿಫಲದ ಸಾಗಣೆ

ಪಡೆಯದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ ಎಂದು ಪ್ರಾಚೀನ ವ್ಯಾಖ್ಯಾನಕಾರರು ವಿವರಿಸಿರುವರು. ಬೆಳೆಯು ಯೋಗವಾದರೆ, ಅದನ್ನು ಪೇಟೆಗೆ ಮುಟ್ಟಿಸುವುದು ಕ್ಷೇಮವೆನ್ನಬಹುದು. ಸೊರಬ ತಾಲ್ಲೂಕಿನ ಜಡೆಯಂತಹ ಗ್ರಾಮಗಳ ಸಣ್ಣ ಹಿಡುವಳಿದಾರನಿಗೆ ಎರಡನೆಯದೇ ಹೆಚ್ಚು ಕಷ್ಟಸಾಧ್ಯವು. ಇಡೀ ಲಾರಿಯನ್ನು ಗೊತ್ತುಮಾಡಿದಾಗ ಬಾಡಿಗೆಯು ದೂರವನ್ನು ಅನುಸರಿಸುವುದೇ ಹೊರತು ಚೀಲಗಳ ಎಣಿಕೆಯನ್ನಲ್ಲ. ಹತ್ತು ಚೀಲ ಮೆಕ್ಕೆಜೋಳವುಳ್ಳವನೂ ನೂರು ಚೀಲವುಳ್ಳವನೂ ಅಷ್ಟನ್ನೇ ತೆರಬೇಕು. ಆದಕಾರಣ ಸಣ್ಣ ರೈತನು ಕಣದಲ್ಲಿಯೇ, ಕೊಳ್ಳುವವನು ಹೇಳಿದ ಧಾರಣೆಗೆ ಮಾರಿಬಿಡುವನು.

ಕೊರೋನಾ ವ್ಯಾಧಿಯ ನಿರ್ಬಂಧಕಾಲದಲ್ಲಿ, 2020ನೆಯ ಇಸವಿ ಏಪ್ರಿಲ್ 17ರಂದು, ಕೇಂದ್ರ ಸರ್ಕಾರವು ‘ಕಿಸಾನ್ ರಥ’ವೆಂಬ ಮೊಬೈಲ್ ಆ್ಯಪನ್ನು ಬಳಕೆಗೆ ತಂದಿತು. ರೈತನು ಸರಕನ್ನೂ ಅದರ ತೂಕವನ್ನೂ ತಿಳಿಸಿ, ವಾಹನದವರೊಡನೆ ನೇರವಾಗಿ ಬಾಡಿಗೆಯನ್ನು ಗೊತ್ತುಮಾಡಿಕೊಳ್ಳಬೇಕೆಂಬುದು ಅದರ ಕ್ರಮವಾಗಿದ್ದಿತು. ಇಂತಹ ಸಾಧನದಿಂದ ವಾಹನವು ದೊರೆತೀತು. ಆದರೆ ಬಾಡಿಗೆಯ ಭಾರವು ತಾನಾಗಿ ಹಗುರವಾಗದು. ಹತ್ತು ಹತ್ತು ಚೀಲವುಳ್ಳ ನೆರೆಹೊರೆಯ ಹತ್ತು ಮಂದಿ ಒಂದೇ ದಿನ ಒಂದೇ ಲಾರಿಗೆ ಹೇರಲು ಒಡಂಬಟ್ಟರೆ, ಒಬ್ಬೊಬ್ಬನಿಗೆ ಬೀಳುವುದು ಬಾಡಿಗೆಯ ಹತ್ತನೆಯ ಒಂದು ಪಾಲು ಮಾತ್ರ. ಪೇಟೆಯ ಧಾರಣೆಯು ಆಗ ಅವನಿಗೂ ಎಟಕುವುದು. ವಾಹನವನ್ನು ಹುಡುಕಿಕೊಡುವುದು ಯಂತ್ರದ ಕೆಲಸ. ಅದನ್ನು ತುಂಬಿಸುವುದು ಊರಿನ ಒಗ್ಗಟ್ಟಿನ ಕೆಲಸ.