ಕಾರು ನಿಲ್ಲಿಸಿದ್ದಕ್ಕೂ ಕಂದಾಯ! ನಮ್ಮ ಪೇಟೆಗೆ ಒಗ್ಗೀತೇ?

ಬೆಳಗಿನ ಹತ್ತು ಗಂಟೆ. ಕೊಪ್ಪಳದ ಜವಾಹರ ರಸ್ತೆಯಲ್ಲಿ ಅಂಗಡಿ ಬಾಗಿಲು ತೆಗೆದು, ಕಸ ಹೊಡೆದು, ನೀರು ಚಿಮುಕಿಸಿ, ಊದಿನಕಡ್ಡಿ ಹಚ್ಚುವಷ್ಟರಲ್ಲಿ ಒಂದು ಬಿಳಿ ಕಾರು ಬಂದು ಮುಂದೆ ನಿಂತಾಯಿತು. ಬೋಣಿಗೆ ದೊಡ್ಡ ಗಿರಾಕಿಯೇ ಬಂತೆಂದು ಅಂಗಡಿಯಾತ ಎದ್ದು ನೋಡಿದರೆ, ಇಳಿದವರು ಚೀಲ ಹೆಗಲಿಗೇರಿಸಿ, ಕೀಲಿ ಜಡಿದು, ಮೇಲಂತಸ್ತಿನ ಆಫೀಸಿಗೆ ಹತ್ತಿ ಹೋದರು. ಇನ್ನು ಇಳಿಯುವುದು ಸಂಜೆ ಐದೂವರೆಗೆ. ಅಲ್ಲಿತನಕ ಆ ಕಾರು ಅಂಗಡಿಗೆ ಅಡ್ಡ ಕಟ್ಟಿದ ಗೋಡೆ. “ಅಣ್ಣಾರ, ಸ್ವಲ್ಪ ಮುಂದ ತಗೋರಿ” ಅಂದರೆ, “ರೋಡೇನು ನಿಮ್ಮಪ್ಪಂದೇನ್ರಿ?” ಎಂಬ ಉತ್ತರ ಸಿದ್ಧ.

ಹೌದು ಸ್ವಾಮಿ, ರೋಡು ಯಾರಪ್ಪನದೂ ಅಲ್ಲ. ಹಾಗಿದ್ದ ಮೇಲೆ ದಿನಕ್ಕೆ ಏಳೆಂಟು ತಾಸು ಅದನ್ನು ಒಬ್ಬರಿಗೇ ಪುಕ್ಕಟೆ ಬರೆದುಕೊಟ್ಟವರಾರು?

ಒಂದು ಕಾರು ನಿಲ್ಲಲು ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಬೇಕು. ಲೆಕ್ಕ ಹಾಕಿದರೆ ಸುಮಾರು 135 ಚದರ ಅಡಿ. ಪೇಟೆಯ ಒಂದು ಸಣ್ಣ ಅಂಗಡಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಆ ಅಂಗಡಿಯಾತ ಬಾಡಿಗೆ ಕಟ್ಟುತ್ತಾನೆ, ಲೈಸೆನ್ಸ್ ಮಾಡಿಸುತ್ತಾನೆ, ಮಾಲೀಕ ಆಸ್ತಿ ತೆರಿಗೆ ತುಂಬುತ್ತಾನೆ. ಅದರ ಮುಂದೆ ಅಷ್ಟೇ ಜಾಗ ಹಿಡಿದು ನಿಂತ ಕಾರಿಗೆ ಮಾತ್ರ ನಯಾಪೈಸೆ ಖರ್ಚಿಲ್ಲ!

ಇದಕ್ಕೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರು ಒಂದು ಮದ್ದು ಕಂಡುಕೊಂಡಿದೆ. ಹಿರಿಯರಿಗೆ ಆ ಊರಿನ ಹೆಸರು ಗೊತ್ತಿರಬಹುದು. ನಮ್ಮ ಅಜ್ಜಂದಿರು ಎಣ್ಣೆ ಹಾಕಿ ಒರೆಸಿ ಇಡುತ್ತಿದ್ದ ರ‍್ಯಾಲಿ ಸೈಕಲ್ಲಿನ ತವರು ಅದೇ. ಸೈಕಲ್ ಕೊಟ್ಟ ಊರಿಗೂ ಕಾರಿನ ಕಾಟ ತಪ್ಪಲಿಲ್ಲವೆನ್ನಿ. ಅಲ್ಲಿ 2012ರ ಏಪ್ರಿಲ್‌ನಿಂದ ನೌಕರರ ಕಾರು ನಿಲ್ಲಿಸಲು 11 ಅಥವಾ ಅದಕ್ಕಿಂತ ಹೆಚ್ಚು ಜಾಗ ಇಟ್ಟುಕೊಂಡ ಕಂಪನಿ, ಕಚೇರಿಗಳು ಪ್ರತಿ ಜಾಗಕ್ಕೂ ವರ್ಷಕ್ಕಿಷ್ಟೆಂದು ತೆರಿಗೆ ಕಟ್ಟಬೇಕು. ಮೊದಲ ವರ್ಷದ ದರ 288 ಪೌಂಡ್, ಆಗಿನ ಲೆಕ್ಕದಲ್ಲಿ 23 ಸಾವಿರ ರೂಪಾಯಿಗೂ ಮೇಲೆ. ಆಮೇಲೆ ಅದು ಏರುತ್ತಲೇ ಬಂದಿದೆ. ತುರ್ತು ಸೇವೆಯವರಿಗೆ, ಅಂಗವಿಕಲರ ಜಾಗಗಳಿಗೆ ವಿನಾಯಿತಿ ಉಂಟು. ತೆರಿಗೆಯ ಹೊಣೆ ಕಾರಿನವನದಲ್ಲ, ಕೆಲಸ ಕೊಟ್ಟ ಧಣಿಯದು. ಬೇಕಾದರೆ ಆತ ನೌಕರನಿಂದ ವಸೂಲು ಮಾಡಿಕೊಳ್ಳಬಹುದು.

ದೊಡ್ಡ ಮಾತೆಂದರೆ, ಬಂದ ಹಣ ಎಲ್ಲಿ ಹೋಯಿತು ಎಂಬುದು. ಕಾನೂನಿನಲ್ಲೇ ಕಟ್ಟಿಹಾಕಿದ್ದಾರೆ: ಸಾರಿಗೆಗೇ ಖರ್ಚಾಗಬೇಕು. ಅದೇ ದುಡ್ಡಿನ ಬಲದಿಂದ ಟ್ರ್ಯಾಮ್ ಮಾರ್ಗ ವಿಸ್ತರಿಸಿದರು, 2015ರಲ್ಲಿ ಓಡಿಸಿದರು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲೂ 1999ರ ಕಾನೂನಿನಂತೆ ಪಾರ್ಕಿಂಗ್ ಜಾಗಕ್ಕೆ ಲೆವಿ ಇದೆ. ಅದರಿಂದ ನಗರದ ನಡುವೆ ಪುಕ್ಕಟೆ ಬಸ್ ಓಡಿಸುತ್ತಾರೆ.

ನಮ್ಮಲ್ಲಿ? ಬೆಂಗಳೂರಿನಲ್ಲಿ 2008ರಲ್ಲಿ ಬಂದ ಆಸ್ತಿ ತೆರಿಗೆ ಪದ್ಧತಿಯಲ್ಲಿ ಪಾರ್ಕಿಂಗ್ ಜಾಗಕ್ಕೆ ಕಟ್ಟಡದ ಅರ್ಧ ದರ ಹಾಕಿದರು. 2025ರಲ್ಲಿ ಆಗಿದ್ದ ಮಹಾನಗರ ಪಾಲಿಕೆ ಇದನ್ನು ಬದಲಿಸಲು ಕರಡು ಹೊರಡಿಸಿದಾಗ, ಇದು ಹೊಸ ಪಾರ್ಕಿಂಗ್ ತೆರಿಗೆಯೆಂದು ಜನ ಗುಲ್ಲೆಬ್ಬಿಸಿದರು. ಅಂದರೆ ಹತ್ತಾರು ವರ್ಷ ಕಟ್ಟುತ್ತಿದ್ದುದು ಎಷ್ಟೋ ಮಂದಿಗೆ ಗೊತ್ತೇ ಇರಲಿಲ್ಲ!

ಹಾಗಾದರೆ ನಾಟಿಂಗ್‌ಹ್ಯಾಮ್ ತೆರಿಗೆಯನ್ನು ನಾಳೆಯೇ ಕೊಪ್ಪಳ, ಗಂಗಾವತಿ ನಗರಸಭೆಗಳು ತರಬೇಕೆ? ಬೇಡ. ತಂದರೆ ಎಡವಟ್ಟಾದೀತು. ಯಾಕೆಂದರೆ ಆ ತೆರಿಗೆ ಬೀಳುವುದು ಕಂಪೌಂಡ್ ಒಳಗಿನ ಜಾಗಕ್ಕೆ. ನಮ್ಮಲ್ಲಿ ಕಂಪೌಂಡ್ ಒಳಗೆ ಜಾಗ ಬಿಟ್ಟವನೇ ಪುಣ್ಯಾತ್ಮ. ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಎಂದು ನಕ್ಷೆಯಲ್ಲಿ ತೋರಿಸಿ, ಪರವಾನಿಗೆ ಪಡೆದು, ಆಮೇಲೆ ಅಲ್ಲಿ ಗೋದಾಮು ಮಾಡಿಕೊಂಡವರನ್ನು ಯಾವ ಪೇಟೆಯಲ್ಲಾದರೂ ನೋಡಬಹುದು. ಅಂಥವರ ನೌಕರರ ಕಾರು ಬೀದಿಯಲ್ಲಿ. ತೆರಿಗೆ ಬಂದರೆ ಜಾಗ ಬಿಟ್ಟವನು ದಂಡ ತೆರಬೇಕು, ನುಂಗಿದವನು ಮೀಸೆ ತಿರುವಬೇಕು. ನಾಳೆ ಅವನೂ ಗೇಟು ಹಾಕಿ, “ಹೊರಗ ನಿಲ್ಲಸ್ರಿ” ಅನ್ನುತ್ತಾನೆ.

ಆದ್ದರಿಂದ ಮೊದಲು ಬೀದಿ. ಮುಖ್ಯ ಪೇಟೆಯಲ್ಲಿ ಮೊದಲ ಅರ್ಧ ತಾಸು ಪುಕ್ಕಟೆ ಇರಲಿ. ಸಾಮಾನು ಕೊಳ್ಳಲು ಬಂದವರಿಗೆ ಅಷ್ಟು ಸಾಕು. ಆಮೇಲೆ ತಾಸಿಗಿಷ್ಟೆಂದು ಏರಲಿ. ಇಡೀ ದಿನ ನಿಲ್ಲಿಸುವವರು ಆಗ ತಾವಾಗಿಯೇ ಬೇರೆ ದಾರಿ ಹುಡುಕುತ್ತಾರೆ. ನಕ್ಷೆಯಲ್ಲಿ ತೋರಿಸಿದ ಪಾರ್ಕಿಂಗ್ ಜಾಗ ಬಿಡಿಸುವ ಕೆಲಸವೂ ಜೊತೆಗೇ ಆಗಲಿ. ಇವೆರಡೂ ಆದ ಮೇಲೆ ಆಫೀಸಿನ ಪಾರ್ಕಿಂಗಿಗೆ ತೆರಿಗೆಯ ಮಾತು.

“ಕಾರು ಕೊಳ್ಳೋವಾಗಲೇ ರೋಡ್ ಟ್ಯಾಕ್ಸ್ ಕಟ್ಟೀವಲ್ರಿ, ಮತ್ತ್ಯಾಕ?” ಎನ್ನುವವರಿದ್ದಾರೆ. ಆ ತೆರಿಗೆ 1957ರ ರಾಜ್ಯ ಕಾಯ್ದೆಯಂತೆ ರಾಜ್ಯದ ಖಜಾನೆಗೆ ಹೋಗುತ್ತದೆ, ನಗರಸಭೆಯ ಡಬ್ಬಿಗೆ ಬೀಳುವುದಿಲ್ಲ. ಅಲ್ಲದೆ ಅದು ರಸ್ತೆಯಲ್ಲಿ ಓಡಾಡಲು ಕೊಟ್ಟದ್ದು; ರಸ್ತೆಯಲ್ಲಿ ಬೀಡುಬಿಡಲು ಅಲ್ಲ.

ಇನ್ನೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡಲೇಬೇಕು: ಕಾರು ಬಿಟ್ಟವರು ಯಾವುದರಲ್ಲಿ ಬರಬೇಕು? ಒಂದು ಬಸ್ಸು ಎರಡೂವರೆ ಕಾರಿನ ಜಾಗ ಹಿಡಿಯುತ್ತದೆ, ಐವತ್ತು ಮಂದಿಯನ್ನು ಹೊರುತ್ತದೆ. ಲೆಕ್ಕ ಚೆನ್ನಾಗಿದೆ, ಬಸ್ಸಿನೊಳಗೆ ಹೋಗಿ ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಧೈರ್ಯವಾಗಿ ಕೆಲಸಕ್ಕೆ, ಕಾಲೇಜಿಗೆ ಹೊರಟಿದ್ದಾರೆ, ಸಂತೋಷ. ಆದರೆ ಬೆಳಗಿನ ಬಸ್ಸಿನಲ್ಲಿ ಕಾಲೂರಲು ಜಾಗವಿಲ್ಲ. ಹೊಸಪೇಟೆ, ಗದಗ ಕಡೆಯಿಂದ ದಿನಾ ಬಂದು ಹೋಗುವ ನೌಕರನಿಗೆ “ಕಾರು ಬಿಡಪ್ಪಾ” ಎನ್ನುವ ಮುಂಚೆ ಆ ಹೊತ್ತಿಗೆ ಇನ್ನೊಂದು ಬಸ್ಸು ಬೇಕು. ಗಂಗಾವತಿಗೆ 2019ರಲ್ಲಿ ರೈಲು ಬಂತು, ಕುಷ್ಟಗಿಗೆ 2025ರಲ್ಲಿ. ಸ್ಟೇಷನ್ನಿನಿಂದ ಪೇಟೆಗೆ ಸಣ್ಣ ಬಸ್ಸು ಹೊತ್ತಿಗೆ ಸರಿಯಾಗಿ ಸಿಕ್ಕರೆ ಅರ್ಧ ತಂಟೆ ಅಲ್ಲೇ ತೀರಿತು. ಪಾರ್ಕಿಂಗ್ ದುಡ್ಡು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಇಂಥ ಬಸ್ಸಿಗೇ ಹೋಗಬೇಕು. ನಗರಸಭೆಯ ಸಾಮಾನ್ಯ ಖಾತೆಗೆ ಹೋದರೆ ಅದು ಹುಣಸೆಹಣ್ಣು ನೀರಿಗೆ ಹಾಕಿದ ಹಾಗೆ.

ನಾಲ್ಕೂ ಊರಿಗೆ ಒಂದೇ ಅಂಗಿ ಹೊಲಿಸಲಾಗದು. ಗಂಗಾವತಿಯಲ್ಲಿ ಭತ್ತದ ಸುಗ್ಗಿ ಬಂತೆಂದರೆ ಕಾರಿಗಿಂತ ಲಾರಿ, ಟ್ರ್ಯಾಕ್ಟರುಗಳದ್ದೇ ದರ್ಬಾರು. ಅಲ್ಲಿ ಮೊದಲು ಅವುಗಳಿಗೆ ಜಾಗ ತೋರಿಸಬೇಕು. ಕುಷ್ಟಗಿ ಪುರಸಭೆ ಈಗಲೇ ಎಚ್ಚೆತ್ತರೆ ರೈಲ್ವೆ ಸ್ಟೇಷನ್ ಸುತ್ತ ಜಾಗ ಉಳಿಸಿಕೊಳ್ಳಬಹುದು. ಯಲಬುರ್ಗಾ ಪಟ್ಟಣ ಪಂಚಾಯಿತಿಯಲ್ಲಿ ಪಾರ್ಕಿಂಗ್ ತೆರಿಗೆ ಅಂದರೆ ಜನ ನಕ್ಕಾರು, ನಗಲಿ.

ಕೊನೆಗೆ ಅಂಗಡಿಯವರಿಗೂ ಒಂದು ಮಾತು, ಕೋಪ ಬೇಡ. ಒಂದು ದಿನ ಮಧ್ಯಾಹ್ನ ನಿಮ್ಮ ಅಂಗಡಿ ಮುಂದೆ ನಿಂತ ಗಾಡಿಗಳನ್ನು ಎಣಿಸಿ. ಆಫೀಸಿನವರ ಕಾರು ಒಂದಾದರೆ, ಪಕ್ಕದಲ್ಲೇ ನಿಮ್ಮದೊಂದು ಸ್ಕೂಟರು, ತಮ್ಮನದೊಂದು ಬೈಕು, ಕೆಲಸದ ಹುಡುಗರವು ಎರಡು. ಬೆಳಗಿನಿಂದ ರಾತ್ರಿತನಕ ಅವೂ ಅಲ್ಲೇ. ಗಿರಾಕಿ ಮಾತ್ರ ಎರಡು ಸುತ್ತು ಹಾಕಿ, ಜಾಗ ಸಿಗದೆ, ಮುಂದಿನ ಓಣಿಯ ಅಂಗಡಿಗೆ ಹೋಗಿರುತ್ತಾನೆ.