ಸೋರಿದರೇ ಚೆಂದ ಈ ಅಣೆಕಟ್ಟು

ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಹರಿಯುವ ಒಂದು ಪುಟ್ಟ ನದಿಯ ಹೆಸರು ಆಟರ್. ಇಂಗ್ಲಿಷಿನಲ್ಲಿ ಆಟರ್ ಎಂದರೆ ನೀರುನಾಯಿ. ಆದರೆ ಈಚೆಗೆ ಆ ನದಿಗೆ ಹೆಸರು ತಂದುಕೊಟ್ಟದ್ದು ಬೀವರ್. ಇವೆರಡನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ನಮ್ಮ ತುಂಗಭದ್ರೆಯಲ್ಲೂ ಇರುವ ನೀರುನಾಯಿ ಮೀನು ಹಿಡಿದು ತಿನ್ನುವ ಪ್ರಾಣಿ. ಬೀವರ್ ಇಲಿ, ಅಳಿಲುಗಳ ಬಳಗದ್ದು, ಅಪ್ಪಟ ಸಸ್ಯಾಹಾರಿ. ತೊಗಟೆ, ಚಿಗುರು, ಸೊಪ್ಪು ಸಿಕ್ಕರೆ ಸಾಕು.

ಬಲಿತ ಬೀವರ್ 20 ಕಿಲೋ ಸುಲಭವಾಗಿ ತೂಗುತ್ತದೆ. ಅದರ ಬಾಚಿಹಲ್ಲಿನ ಬಣ್ಣ ಕಿತ್ತಳೆ, ಏಕೆಂದರೆ ಹಲ್ಲಿನ ಮುಂಭಾಗದ ಕವಚದಲ್ಲಿ ಕಬ್ಬಿಣವಿದೆ. ಹಿಂಭಾಗ ಮೆದು. ಹೀಗಾಗಿ ಕಡಿದಂತೆಲ್ಲ ಹಿಂದಿನದು ಬೇಗ ಸವೆದು ಉಳಿಯಂತೆ ತಾನೇ ಮಸೆದುಕೊಳ್ಳುತ್ತದೆ, ಸವೆದಷ್ಟೂ ಬೆಳೆಯುತ್ತದೆ. ಬಡಗಿಗಳು ಅಸೂಯೆಪಡಬೇಕಾದ ಉಪಕರಣ!

ಅದು ಅಣೆ ಕಟ್ಟುವುದು ಯಾವ ಊರಿನ ಉದ್ಧಾರಕ್ಕೂ ಅಲ್ಲ. ಬೀವರ್ ಗೂಡಿನ ಬಾಗಿಲು ನೀರಿನಡಿ ಇರಬೇಕು. ಇಲ್ಲವಾದರೆ ತೋಳ ಒಳನುಗ್ಗುತ್ತದೆ. ತೊರೆಯಲ್ಲಿ ನೀರು ಆಳವಿಲ್ಲದಿದ್ದರೆ ಕೊಂಬೆ, ಕಲ್ಲು, ಕೆಸರು ಪೇರಿಸಿ ಮಟ್ಟ ಏರಿಸಿಕೊಳ್ಳುತ್ತದೆ. ಸ್ವೀಡನ್ನಿನ ಪ್ರಾಣಿವಿಜ್ಞಾನಿ ಲಾರ್ಸ್ ವಿಲ್ಸನ್ ತಾವು ಸಾಕಿದ ಬೀವರುಗಳಿಗೆ ಹರಿಯುವ ನೀರಿನ ಸದ್ದನ್ನು ಧ್ವನಿವರ್ಧಕದಲ್ಲಿ ಕೇಳಿಸಿದರು. ಅವು ಧ್ವನಿವರ್ಧಕದ ಮೇಲೆಯೇ ಕೊಂಬೆ ಒಟ್ಟತೊಡಗಿದವು. ಜುಳುಜುಳು ನಾದ ನಮಗೆ ಕಾವ್ಯ, ಬೀವರಿಗೆ ಅದು ಎಲ್ಲೋ ಸೋರುತ್ತಿದೆ ಎಂಬ ದೂರು.

ಎಷ್ಟು ಮೆತ್ತಿದರೂ ಆ ಅಣೆ ಸೋರುತ್ತದೆ. ಅದರ ಗುಣ ಇರುವುದೇ ಅಲ್ಲಿ. ತುಂಬಿ ಕೂತ ಕೆರೆ ಮತ್ತೊಂದು ಮಳೆಯನ್ನು ಹಿಡಿಯಲಾರದು ತಾನೆ? ಬೀವರ್ ಕೊಳದ ನೀರು ಮಳೆ ಬಿಟ್ಟಾಗ ಒಸರಿ ಒಸರಿ ತಗ್ಗುತ್ತದೆ, ಮುಂದಿನ ಮಳೆಗೆ ಜಾಗ ಆಗುತ್ತದೆ. ಕೊಳ ತುಂಬಿದ್ದಾಗ ಜೋರು ಮಳೆ ಬಂದರೂ ನೀರು ನೆಟ್ಟಗೆ ಓಡುವುದಿಲ್ಲ. ದಡ ಮೀರಿ ಅಕ್ಕಪಕ್ಕದ ಹುಲ್ಲಿನಲ್ಲಿ ಹರಡಿ, ಹತ್ತಾರು ಸೀಳಾಗಿ, ಪೊದೆಗಳಲ್ಲಿ ತಡವರಿಸಿ ಕೆಳಗಿಳಿಯುತ್ತದೆ. ಬಿದ್ದ ನೀರಷ್ಟೂ ಕೆಳಗಿನ ಊರಿಗೆ ಒಮ್ಮೆಲೇ ತಲುಪಿದರೆ ಪ್ರವಾಹ. ಅದೇ ನೀರು ತಾಸುಗಟ್ಟಲೆ ಹಂಚಿಕೊಂಡು ಬಂದರೆ ಹೊಳೆ ಬರೀ ತುಂಬಿ ಹರಿಯುತ್ತದೆ, ಅಷ್ಟೇ. ಕರಾವಳಿಯ ತೋಟದವರು ಮಳೆಗಾಲ ಮುಗಿದ ಮೇಲೆ ಹಳ್ಳಕ್ಕೆ ಹಾಕುವ ಕಟ್ಟವೂ ಸ್ವಲ್ಪ ಸೋರುತ್ತದೆ. ಆದರೆ ಅದು ಬೇಸಿಗೆಯ ನೀರಿಗಾಗಿ ಮಾಡಿದ್ದು, ಮಳೆಗಾಲಕ್ಕೆ ಉಳಿಯುವುದಿಲ್ಲ. ಬೀವರ್ ಮಾತ್ರ ವರ್ಷವಿಡೀ ರಿಪೇರಿಯಲ್ಲಿರುತ್ತದೆ.

ಬ್ರಿಟನ್ನಿನಲ್ಲಿ ತುಪ್ಪಳ, ಮಾಂಸ ಮತ್ತು ಬಾಲದ ಬುಡದ ಸುಗಂಧಗ್ರಂಥಿಗಾಗಿ ಬೀವರುಗಳನ್ನು ಬೇಟೆಯಾಡಿ ಸುಮಾರು 400 ವರ್ಷಗಳ ಹಿಂದೆಯೇ ಮುಗಿಸಿದ್ದರು. ಡೆವನ್‌ನಲ್ಲಿ 2011ರಲ್ಲಿ ಬೇಲಿಯೊಳಗೆ ಒಂದು ಜೋಡಿಯನ್ನು ಬಿಟ್ಟು ನೋಡಿದರು. ಅವು ಸಣ್ಣ ತೊರೆಯೊಂದನ್ನು 13 ಕೊಳಗಳ ಸರಮಾಲೆ ಮಾಡಿ, ಸುಮಾರು 10 ಲಕ್ಷ ಲೀಟರ್ ನೀರು ಹಿಡಿದವು. ಮೇಲಿನ ಹೊಲಗಳಿಂದ ಕೊಚ್ಚಿಬಂದ 100 ಟನ್ನಿಗೂ ಹೆಚ್ಚು ಮಣ್ಣು ಆ ಕೊಳಗಳಲ್ಲಿ ಕೂತಿತು. ನನಗೆ ಇಷ್ಟವಾದ ಲೆಕ್ಕ ಬೇರೆ: 2011ರಲ್ಲಿ ಅಲ್ಲಿ ಕಂಡ ಕಪ್ಪೆಮೊಟ್ಟೆಯ ಮುದ್ದೆಗಳು 10, 2016ರಲ್ಲಿ 580. ಕಪ್ಪೆಯ ಹಿಂದೆಯೇ ಬಕಪಕ್ಷಿಯೂ ಬಂತು.

ಆಟರ್ ನದಿಗೆ ಸೇರುವ ತೊರೆಯೊಂದರಲ್ಲಿ, ಪ್ರವಾಹಕ್ಕೆ ತುತ್ತಾಗುತ್ತಿದ್ದ ಈಸ್ಟ್ ಬಡ್ಲಿ ಹಳ್ಳಿಯ ಮೇಲುಭಾಗದಲ್ಲಿ ಒಂದು ಬೀವರ್ ಕುಟುಂಬ ಆರು ಅಣೆಗಳನ್ನು ಕಟ್ಟಿತು. ಎಕ್ಸೆಟರ್ ವಿಶ್ವವಿದ್ಯಾಲಯದವರು ಅಳೆದಾಗ ಹಳ್ಳಿಯತ್ತ ಬರುವ ನೆರೆಯ ರಭಸ ಇಳಿದಿತ್ತು.

ಬೀವರ್ ಇಲ್ಲದ ಕಡೆ ಅದರ ಕಸುಬನ್ನು ಮನುಷ್ಯರೂ ಕಲಿತರು. ಯಾರ್ಕ್‌ಷೈರಿನ ಪಿಕರಿಂಗ್ ಪಟ್ಟಣ 1999ರಿಂದ 2007ರೊಳಗೆ ನಾಲ್ಕು ಸಲ ಮುಳುಗಿತ್ತು. ತಡೆಗೋಡೆ ಕಟ್ಟಲು ದುಡ್ಡು ಒದಗಲಿಲ್ಲ. ಹಾಗಾಗಿ ಮೇಲಿನ ಕಾಡುತೊರೆಗಳಿಗೆ ಅಡ್ಡಡ್ಡ ಮರದ ದಿಮ್ಮಿಗಳನ್ನು ಇಟ್ಟರು, ಗಿಡ ನೆಟ್ಟರು, ನೀರು ತಂಗಲು ಏರಿಯೊಂದನ್ನು ಕಟ್ಟಿದರು. 2015ರ ಕ್ರಿಸ್‌ಮಸ್ ಹೊತ್ತಿನ ಮಳೆಗೆ ಉತ್ತರ ಇಂಗ್ಲೆಂಡಿನ ಎಷ್ಟೋ ಊರುಗಳು ನೀರಲ್ಲಿದ್ದಾಗ ಪಿಕರಿಂಗ್ ಪಾರಾಯಿತು. 2019ರಲ್ಲಿ ಅದೇ ಸೀಮೆಯ ಕ್ರಾಪ್ಟನ್ ಕಾಡಿಗೆ ಅಸಲಿ ಬೀವರುಗಳೇ ಬಂದವು.

ಎಲ್ಲರಿಗೂ ಇದು ಖುಷಿಯ ಕಥೆಯಲ್ಲ. ತನ್ನ ಹೊಲ ಜೌಗಾದ ರೈತನಿಗೆ ಕಪ್ಪೆಮೊಟ್ಟೆಯ ಲೆಕ್ಕ ಹೇಳಿದರೆ ಸಿಟ್ಟು ಬರುವುದು ಸಹಜ. ಸ್ಕಾಟ್ಲೆಂಡಿನಲ್ಲಿ ಬೀವರಿಗೆ ಕಾನೂನಿನ ರಕ್ಷಣೆ ಸಿಕ್ಕಿದ್ದು 2019ರಲ್ಲಿ. ಆ ವರ್ಷವೇ ಬೆಳೆಹಾನಿಯ ಕಾರಣಕ್ಕೆ ಪರವಾನಗಿ ಪಡೆದು 87 ಬೀವರುಗಳನ್ನು ಕೊಂದರು. ಕೊಲ್ಲದೆ ಪರಿಹರಿಸುವ ದಾರಿಯೂ ಇದೆ: ಅಣೆಯೊಳಗೆ ಕೊಳವೆ ತೂರಿಸಿದರೆ ನೀರು ಬೇಕಾದ ಮಟ್ಟಕ್ಕೆ ಇಳಿಯುತ್ತದೆ, ಕಾಂಡಕ್ಕೆ ತಂತಿಬಲೆ ಸುತ್ತಿದರೆ ಮರ ಉಳಿಯುತ್ತದೆ. ಆದರೆ ಕೊಳವೆಯ ಖರ್ಚನ್ನೂ ಮುಳುಗಿದ ಹೊಲದ ಬೆಲೆಯನ್ನೂ ರೈತನೊಬ್ಬನ ತಲೆಗೇ ಕಟ್ಟುವುದು ಅನ್ಯಾಯ. ಲಾಭ ಕೆಳಗಿನ ಊರಿನದು, ಹಣವೂ ಅಲ್ಲಿಂದಲೇ ಬರಬೇಕು.

ಇಂಗ್ಲೆಂಡಿನ ಸರ್ಕಾರ 2025ರ ಫೆಬ್ರುವರಿಯಲ್ಲಿ ಬೇಲಿಯಿಲ್ಲದೆ ಬೀವರ್ ಬಿಡಲು ಒಪ್ಪಿತು. ಮರುತಿಂಗಳೇ ಡಾರ್ಸೆಟ್‌ನ ಪರ್ಬೆಕ್‌ನಲ್ಲಿ, ಈ ಒಪ್ಪಿಗೆಯಡಿ ಪರವಾನಗಿ ಪಡೆದ ಮೊದಲ ಬೀವರುಗಳು ಬಯಲು ನೀರಿಗಿಳಿದವು.